ಬಿಲ್ಲೆಯ ಬೆನ್ನು

ಹೊಳೆಯ ದಂಡೆಯಲ್ಲೊಂದು ಆಶ್ರಮ. ಗಂಡನ ಮನೆಯ ಹೊಡೆತ ತಾಳಲಾರದೆ ಓಡಿ ಬಂದ ಹೆಣ್ಣುಮಕ್ಕಳಿಗೆ ಅದೇ ಆಸರೆ. ಗುರು ಶಾಂಭವಿ ಅವ್ವ ಸನ್ಯಾಸಕ್ಕೆ ಮುಂಚೆ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಿದವರು. ಈಗ ಆ ಪಾಠಕ್ಕೆ ಉಳಿದವನು ಶಿಷ್ಯ ಈರಭದ್ರ ಒಬ್ಬನೇ.

ಆಶ್ರಮಕ್ಕೆ ದೋಣಿಯೊಂದೇ ದಾರಿ. ಬಂದವರನ್ನು ಅಂಬಿಗ ಆಚೆ ದಂಡೆಯಲ್ಲೇ ವಿಚಾರಿಸುತ್ತಿದ್ದ. ನಂಬಿಕೆ ಬಂದರೆ ಹಸಿ ಮಣ್ಣಿನ ಬಿಲ್ಲೆ ತಟ್ಟಿ, ಮುಂದೆ ಅವರ ಹೆಸರು ಗೀರಿ, ಹಿಂದೆ ತನ್ನ ಉಂಗುರ ಒತ್ತಿ ಕೊಡುತ್ತಿದ್ದ. ಒಣಗಿ ಬಿರುಕು ಬಿಟ್ಟ ಬಿಲ್ಲೆ ನಡೆಯುತ್ತಿರಲಿಲ್ಲ. ಬಾಗಿಲಲ್ಲಿ ಅದನ್ನು ನೋಡಿ ಒಳಗೆ ಬಿಡುವವನು ಈರಭದ್ರ.

ಆಸರೆಗೆ ಬಂದವರಲ್ಲಿ ಕಸ್ತೂರಿ ಎಂಬವಳಿದ್ದಳು. ತಾನೆಲ್ಲಿದ್ದೇನೆಂದು ತಾಯಿಗೂ ಬರೆದಿರಲಿಲ್ಲ. ಬರೆದರೆ ಗಂಡನಿಗೆ ಸುಳಿವು ಸಿಕ್ಕೀತೆಂಬ ಭಯ.

ಅವಳಿಗಾಗಿಯೇ ಅವ್ವ ಶಿಷ್ಯನಿಗೊಂದು ಕೆಲಸ ಹಚ್ಚಿದರು. ಇಲ್ಲಿಯ ಹೆಣ್ಣುಮಕ್ಕಳು ಕಂಪ್ಯೂಟರಿನಲ್ಲಿ ಬರೆದದ್ದನ್ನು, ಯಾರಿಗೆ ಬರೆದರೋ ಅವರೊಬ್ಬರೇ ತೆರೆದು ಓದಬೇಕು. ಓದಲು ಬಂದವರು ಯಾರೆಂದು ಪರೀಕ್ಷಿಸಿ, ತನ್ನ ಮುದ್ರೆಯೊತ್ತಿ, ಇಷ್ಟು ಹೊತ್ತು ನಡೆಯುತ್ತದೆಂದು ಅವಧಿ ಹಾಕಿ ಟೋಕನ್ ಎಂಬ ಗುರುತು ಕೊಡಲು ದೂರದ ಕ್ಲೌಡ್ ಸೇವೆಯೊಂದಿತ್ತು. ಅದರೊಡನೆ ಮಾತಾಡಲು ಬೇಕಾದ, ಬೇರೆಯವರು ಬರೆದಿಟ್ಟ ಕೋಡ್ ಲೈಬ್ರರಿಯೂ ಸಿದ್ಧವಾಗಿಯೇ ಸಿಗುತ್ತಿತ್ತು.

ಈರಭದ್ರ ಲೈಬ್ರರಿ ತಂದು ಜೋಡಿಸಿದ. ಎದೆಯುಬ್ಬಿಸಿಕೊಂಡು ಅವ್ವನ ಮುಂದೆ ನಿಂತ.

"ಅವ್ವಾರ, ಅಂಬಿಗನ್ನ ಕಂಪ್ಯೂಟರಿನಾಗ ಕೂಡಿಸೀನ್ರಿ. ನಾಳೆ ಎಲ್ಲಾರಿಗೂ ತೆರೆಯೋಣೇನ್ರಿ?"

ಅವ್ವ ಅವನ ಕೋಡನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಎದ್ದು ಹೊಳೆಗೆ ಹೋದರು.

ಸಂಜೆ ಬಾಗಿಲಿಗೆ ಬಂದು ಅವನ ಕೈಗೊಂದು ಹಸಿ ಬಿಲ್ಲೆ ಕೊಟ್ಟರು. ಅದರ ಮೇಲೆ 'ಕಸ್ತೂರಿಯ ತಾಯಿ' ಎಂದು ಗೀರಿತ್ತು. ದಂಡೆಯ ಮೇಲೆ ಕಾಯುತ್ತಿದ್ದಾರೆ, ಒಳಗೆ ಬಿಡು ಎಂದರು.

ಈರಭದ್ರ ಬಿಲ್ಲೆ ತಿರುವಿದ. ಬೆನ್ನು ನುಣ್ಣಗಿತ್ತು.

"ಬಿಡಾಕ ಬರಂಗಿಲ್ರಿ."

"ಯಾಕ? ಹೆಸರ ಐತಲ್ಲ?"

"ಹೆಸರ ಯಾರರೆ ಗೀರತಾರ್ರಿ. ಆಕಿ ಗಂಡನೂ ಗೀರಬಹುದು. ಉಂಗುರ ಇಲ್ಲದ್ದು ಬರೀ ಮಣ್ಣು."

"ಶಾಣ್ಯಾ ಅದೀ. ದಂಡಿ ಮ್ಯಾಲ ಯಾರೂ ಇಲ್ಲ, ಇದನ್ನ ತಟ್ಟಿದಾಕಿ ನಾನ," ಎಂದರು ಅವ್ವ. "ಕಂಪ್ಯೂಟರಿನಾಗ ನೀ ನಿಲ್ಲಿಸಿದ ಕಾವಲುಗಾರ ಬಿಲ್ಲೆ ತಿರುವಿ ನೋಡತಾನೇನು?"

ಈರಭದ್ರನ ಮುಖ ಸಪ್ಪಗಾಯಿತು.

ಟೋಕನ್ನಿನ ಮುದ್ರೆ ನಿಜವೇ, ಅದರ ಅವಧಿ ಉಳಿದಿದೆಯೇ ಎಂದು ನೋಡುವ ವ್ಯವಸ್ಥೆ ಲೈಬ್ರರಿಯಲ್ಲಿಯೇ ಇತ್ತು. ಪರೀಕ್ಷಿಸುವಾಗ ಅದು ಮತ್ತೆ ಮತ್ತೆ ತಡೆಯಿತೆಂದು ಇವನು ಅದರ ಬಾಯಿ ಮುಚ್ಚಿಸಿದ್ದ. ಹೆಸರಷ್ಟೇ ಓದಿ ಬಾಗಿಲು ತೆರೆಯುವಂತೆ ಮಾಡಿದ್ದ. ಆಮೇಲೆ ಸರಿಮಾಡಿದರಾಯಿತು ಅಂದುಕೊಂಡವನಿಗೆ ಆ ಆಮೇಲೆ ಮರೆತೇ ಹೋಗಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಮ್ಮನಲ್ಲ. ನಾಳೆ ಕಸ್ತೂರಿಯ ಗಂಡ ಅವಳ ತಾಯಿಯ ಹೆಸರು ಬರೆದುಕೊಂಡು ಬಂದಿದ್ದರೆ? ಅವನು ಬಿಲ್ಲೆಯನ್ನು ಅವ್ವನ ಮುಂದೆ ಚಾಚಿದ.

"ಈ ಕೆಲಸಕ್ಕ ನಾ ಲಾಯಕ್ಕಿಲ್ರಿ, ಅವ್ವಾರ."

ಅವ್ವ ಬಿಲ್ಲೆಯ ಮೇಲೆ ಅವನ ಬೆರಳು ಮಡಿಚಿದರು.

"ನಿನ್ನ ಕೈಗೆ ಗೊತ್ತೈತಿ. ಅದನ್ನ ಕೋಡಿಗೆ ಕಲಿಸು."

ಮರುದಿನ ಅವನು ಮುಚ್ಚಿಸಿದ್ದ ಬಾಯಿ ಬಿಡಿಸಿದ. ಅದು ಯಾಕೆ ತಡೆಯುತ್ತದೆಂದು ಈಗ ಸಮಾಧಾನದಿಂದ ಓದಿದ. ಕ್ಲೌಡ್ ಸೇವೆ ಎಷ್ಟೋ ಕಡೆಯ ಬಾಗಿಲುಗಳಿಗೆ ಟೋಕನ್ ಕೊಡುತ್ತಿತ್ತು; ಅದರಲ್ಲಿ ತಮ್ಮ ಬಾಗಿಲು ಯಾವುದೆಂದು ಲೈಬ್ರರಿಗೆ ಅವನು ಹೇಳಿರಲೇ ಇಲ್ಲ. ಪಾಪ, ಅದು ತನ್ನ ಕೆಲಸ ಮಾಡುತ್ತಿತ್ತು, ಇವನೇ ಬೈದುಕೊಂಡಿದ್ದ.

ಅದನ್ನು ಸರಿಪಡಿಸಿದ. ಕಸ್ತೂರಿಯ ತಾಯಿಯ ಹೆಸರಿನಲ್ಲಿ ತಾನೇ ಸುಳ್ಳು ಟೋಕನ್ ಕಟ್ಟಿ ನೋಡಿದ. ಬಾಗಿಲು ತೆರೆಯಲಿಲ್ಲ. ತನ್ನ ಹೆಸರಿಗೊಂದು ಸಾಲು ಬರೆದು, ಸೇವೆಯಿಂದ ಖರೇ ಟೋಕನ್ ತಂದ, ತೆರೆಯಿತು. ಮನಸ್ಸು ಹಗುರಾಯಿತು.

ಬೈಗಿನ ಹೊತ್ತಿಗೆ ಇನ್ನೊಮ್ಮೆ ನೋಡೋಣವೆಂದು ಹೋದವನು ಅವ್ವನ ಬಳಿ ಓಡಿ ಬಂದ. ಮುಖದಲ್ಲಿ ನಾಚಿಕೆಯೂ ಇತ್ತು, ನಗುವೂ ಇತ್ತು.

"ಅವ್ವಾರ, ನನ್ನನ್ನೂ ಬಿಡವಲ್ದು. ಮುಂಜಾನಿ ಟೋಕನ್ ಒಣಗೇತಂತ."

ಅವ್ವ ಮನಸಾರೆ ನಕ್ಕರು.

"ಕಟ್ಟಿದವನ್ನ ಹೊರಗ ನಿಲ್ಲಿಸ್ತಲ್ಲ? ಹೋಗು, ಕಸ್ತೂರಿನ ಕರಿ. ತಾಯಿಗೆ ಬರೀಲಿ."