ಎದೆಮಟ್ಟದ ಕುಲುಮೆ

ಉಕ್ಕಿನ ಕಾರ್ಖಾನೆಯ ಎಂಜಿನಿಯರ್ ಪಂಪಾಪತಿ ಆರು ತಿಂಗಳು ರಜೆ ಹಾಕಿ ಕಾಳಪ್ಪ ತಾತನ ಆಶ್ರಮಕ್ಕೆ ಬಂದ. ಹೊಳೆಯ ದಂಡೆ, ಎರಡು ಗುಡಿಸಲು, ಹಿಂದೊಂದು ಜಾಲಿಗುಡ್ಡ. ಆಶ್ರಮ ಅಂದರೆ ಅಷ್ಟೇ. ಅದಿರು ಕಾಯಿಸಿ ಕಬ್ಬಿಣ ತೆಗೆಯುವುದೇ ತಾತನ ಜಪ, ತಪ ಎಲ್ಲ.

ಬಂದವನೇ ಕಾಲಿಗೆ ಬಿದ್ದು ಇದ್ದ ವಿಷಯ ಹೇಳಿದ. ಇಪ್ಪತ್ತು ವರ್ಷ ಕಲ್ಲಿದ್ದಲು ಸುಟ್ಟಿದ್ದೇನೆ, ಆ ಹೊಗೆ ಕಂಡರೆ ಈಗ ನಾಚಿಕೆಯಾಗುತ್ತೆ. ಅದರ ಬದಲು ಕಟ್ಟಿಗೆಯ ಇದ್ದಿಲಲ್ಲೇ ಕಬ್ಬಿಣ ಮಾಡಬಹುದು ಅಂತ ಯಜಮಾನರ ಮುಂದೆ ಮಾತಾಡಿಬಿಟ್ಟಿದ್ದೇನೆ. ಆಗುತ್ತೋ ಇಲ್ಲವೋ ಯುಗಾದಿಯೊಳಗೆ ಬರೆದು ತಿಳಿಸಬೇಕು. ಆಗುತ್ತೆ ಅಂದರೆ ಕಾರ್ಖಾನೆ ಇದ್ದಿಲಿಗಾಗಿ ಈ ಗುಡ್ಡವನ್ನೇ ಗುತ್ತಿಗೆಗೆ ಹಿಡಿಯುತ್ತೆ. ಇಲ್ಲ ಅಂದರೆ ಕಲ್ಲಿದ್ದಲೇ ಮುಂದುವರಿಯುತ್ತೆ.

ತಾತ ಎದ್ದು ಕುಲುಮೆ ಹಚ್ಚಿದರು.

ಮಣ್ಣಿನ ಕುಲುಮೆ, ತಾತನ ಎದೆಮಟ್ಟಕ್ಕಿತ್ತು. ಗುಡ್ಡದಲ್ಲಿ ಇದ್ದಿಲು ಸುಡುವ ಹುಲಿಗೆಮ್ಮ ನಾಲ್ಕು ಚೀಲ ತಂದು ಇಳಿಸಿದಳು. ಒಂದು ಪದರ ಇದ್ದಿಲು, ಒಂದು ಪದರ ಅದಿರು. ಪಂಪಾಪತಿ ಬೆಳಗಿನಿಂದ ಗಾಳಿಯೂದುವ ತಿದಿ ಒತ್ತಿದ, ರಟ್ಟೆ ಬಿದ್ದುಹೋಯಿತು. ಸಂಜೆಗೆ ಕೆಂಪಗಿನ ಉಂಡೆ ಹೊರಬಂತು. ತಾತ ಅದನ್ನು ಬಡಿದು ಬಡಿದು ಒಂದು ಗುದ್ದಲಿ ಮಾಡಿದರು.

ಪಂಪಾಪತಿಗೆ ಸ್ವರ್ಗಕ್ಕೆ ಮೂರೇ ಗೇಣು. ಕುಲುಮೆಯನ್ನು ಇನ್ನೂ ಎತ್ತರ ಯಾಕೆ ಕಟ್ಟಿಲ್ಲ ಅಂತ ಕೇಳಿದ.

“ಹುಲಿಗೆಮ್ಮ ಇಷ್ಟೇ ಕೊಡೋದು,” ಅಂದರು ತಾತ.

ಇದೂ ಒಂದು ಉತ್ತರವಾ ಅನ್ನಿಸಿತು ಅವನಿಗೆ. ಎದೆಮಟ್ಟದ್ದನ್ನು ತೋರಿಸಿದರೆ ಯಜಮಾನರು ನಗುತ್ತಾರೆ, ಮೂರಾಳೆತ್ತರದ್ದು ನಾನೇ ಕಟ್ಟುತ್ತೇನೆ, ಅಪ್ಪಣೆ ಕೊಡಿ ಅಂದ. ತಾತ ಬೇಡ ಅನ್ನಲಿಲ್ಲ. ಬೇಡ ಅಂದರೆ ಕೇಳುವ ಆಸಾಮಿಯೂ ಅಲ್ಲ ಅವನು.

ಕುಲುಮೆ ಎದ್ದಿತು. ನಲವತ್ತು ಚೀಲ ಬೇಕು ಅಂತ ಹುಲಿಗೆಮ್ಮನಿಗೆ ಹೇಳಿಕಳಿಸಿದ. ಆಕೆ ಮತ್ತೆ ನಾಲ್ಕೇ ತಂದಳು. ಬಲಿತ ಕೊಂಬೆ ಇಷ್ಟೇ ಇದ್ದವು ಸಾರ್, ಹೋದ ವರ್ಷ ಕಡಿದ ಕಡೆ ಇನ್ನೂ ಚಿಗುರು, ಅದು ಕೈಗೆ ಬರೋಕೆ ನಾಲ್ಕು ವರ್ಷ ಬೇಕು ಅಂತ ಸಮಾಧಾನವಾಗಿ ವಿವರಿಸಿದಳು.

ಯುಗಾದಿ ಹತ್ತಿರ ಬಂದಿತ್ತು. ಪಂಪಾಪತಿ ಆಳು ಹಚ್ಚಿ ಆ ಚಿಗುರನ್ನೂ ಸವರಿಸಿದ. ಒಣಗಲೂ ಬಿಡದೆ ಹಸಿಹಸಿಯಾಗಿಯೇ ಸುಡಿಸಿದ. ಗುಡ್ಡದ ಒಂದು ಮಗ್ಗುಲು ಬೋಳಾಯಿತು. ಹುಲಿಗೆಮ್ಮ ಅದನ್ನು ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋದಳು.

ದೊಡ್ಡ ಕುಲುಮೆ ಮಧ್ಯಾಹ್ನದವರೆಗೆ ಚೆನ್ನಾಗಿ ಉರಿಯಿತು. ಆಮೇಲೆ ಗಾಳಿ ಒಳಗೆ ಹೋಗಲೊಲ್ಲದು. ಆರು ಜನ ತಿದಿ ಒತ್ತಿದರೂ ಅಷ್ಟೇ. ಮರುದಿನ ಹಾರೆ ಹಾಕಿ ಒಡೆದು ನೋಡಿದರೆ, ಮೇಲಿನ ಅದಿರಿನ ಭಾರಕ್ಕೆ ಕೆಳಗಿನ ಇದ್ದಿಲೆಲ್ಲ ಪುಡಿಪುಡಿ. ಅದಿರು ಕಲ್ಲಾಗಿಯೇ ಉಳಿದಿತ್ತು. ಒಂದು ಮೊಳೆಗಾಗುವಷ್ಟು ಕಬ್ಬಿಣವೂ ಇಲ್ಲ.

ಪಂಪಾಪತಿ ಆ ಪುಡಿಯನ್ನು ಮುಷ್ಟಿಯಲ್ಲಿ ಹಿಡಿದು ತಾತನ ಹತ್ತಿರ ಹೋದ.

“ಇದಕ್ಕೆ ತ್ರಾಣ ಇಲ್ಲ ತಾತಾ. ಕಲ್ಲಿದ್ದಲಾಗಿದ್ದರೆ ಭಾರ ಹೊರ್ತಿತ್ತು.”

“ಹೊರ್ತಿತ್ತು,” ಅಂದರು ತಾತ. “ಅದು ನೆಲದೊಳಗೆ ಎಷ್ಟು ವರ್ಷ ಇತ್ತು?”

“ಕೋಟಿಗಟ್ಟಲೆ ವರ್ಷ.”

“ಇದಕ್ಕೆ ನೀನು ಎಷ್ಟು ಕೊಟ್ಟೆ?”

ನಾಲ್ಕು ವರ್ಷ ಬೇಕು ಅಂದಿದ್ದಕ್ಕೆ ಒಂದು ವರ್ಷವೂ ಕೊಟ್ಟಿರಲಿಲ್ಲ. ಪಂಪಾಪತಿ ಮುಷ್ಟಿ ಸಡಿಲ ಬಿಟ್ಟ, ಪುಡಿ ನೆಲಕ್ಕೆ ಉದುರಿತು.

ತಾತ ಅವನನ್ನು ಗುಡ್ಡಕ್ಕೆ ಕರೆದುಕೊಂಡು ಹೋದರು. ಅಲ್ಲಿ ಹುಲಿಗೆಮ್ಮ ಬುಟ್ಟಿ ಇಟ್ಟುಕೊಂಡು, ಅವನು ಕಡಿಸಿದ ಒಂದೊಂದು ಬೊಡ್ಡೆಯ ಗಾಯಕ್ಕೂ ಮತ್ತೆ ಚಿಗುರಲಿ ಅಂತ ಸಗಣಿ ಮೆತ್ತುತ್ತಿದ್ದಳು. ತಾತನೂ ಕೂತು ಮೆತ್ತತೊಡಗಿದರು. ಪಂಪಾಪತಿ ಅಂಗಿಯ ತೋಳು ಮಡಚಿ ಬುಟ್ಟಿಗೆ ಕೈ ಹಾಕಿದ. ತಪ್ಪಾಯ್ತಮ್ಮಾ ಅಂದ. ಹುಲಿಗೆಮ್ಮ, ತೆಳ್ಳಗೆ ಮೆತ್ತಬೇಡ್ರಿ, ಉದುರಿಬಿಡುತ್ತೆ ಅಂದಳು.

ಹೊತ್ತಿಳಿಯುವವರೆಗೆ ಮೂವರೂ ಅದೇ ಕೆಲಸ ಮಾಡಿದರು. ಕೊನೆಗೆ ಪಂಪಾಪತಿ ಬಾಯಿಬಿಟ್ಟ.

“ನಾಳೆ ಕಾಗದ ಹಾಕಬೇಕು ತಾತಾ. ಆಗುತ್ತೆ ಅಂತ ಬರೆದರೆ ಈ ಗುಡ್ಡ ಉಳಿಯಲ್ಲ. ಆಗಲ್ಲ ಅಂತ ಬರೆದರೆ ಸುಳ್ಳಾಗುತ್ತೆ, ಗುದ್ದಲಿ ಕಣ್ಣೆದುರಿಗೇ ಇದೆ. ಏನಂತ ಬರೀಲಿ?”

ತಾತ ಕೈಗಂಟಿದ ಸಗಣಿ ಒರೆಸಿಕೊಂಡು ಹುಲಿಗೆಮ್ಮನ ಕಡೆ ನೋಡಿದರು.

“ಆಗುತ್ತೆ ಅಂತಲೇ ಬರಿ. ಎಷ್ಟು ಅನ್ನೋದನ್ನ ಮಾತ್ರ ಈಕೆಯನ್ನ ಕೇಳಿ ಬರಿ.”