ತೂಬಿಗೆ ಹರಳೆಣ್ಣೆ

ನಮ್ಮದು ಈ ಊರಿನಲ್ಲಿ ನಾಲ್ಕು ತಲೆಮಾರಿನಿಂದ ಮರ್ಯಾದೆಯಾಗಿ ಬಾಳಿದ ಮನೆತನ. ನಮ್ಮ ಮುತ್ತಜ್ಜ ಇಲ್ಲಿನ ನಾಲೆಯ ಮೇಲ್ವಿಚಾರಕರಾಗಿದ್ದರು. ನೀರಿನ ವಿಷಯದಲ್ಲಿ ನಮ್ಮ ಮನೆಯವರತ್ತ ಯಾರೂ ಬೆರಳೆತ್ತಿ ತೋರಿಸಿದ್ದಿಲ್ಲ.

ನಾಲೆ ಮುಚ್ಚಿಹೋಯಿತು. ಅದರ ಕಲ್ಲಿನ ತೂಬು, ತೂಬಿನ ಬಾಗಿಲನ್ನು ಎತ್ತಿ ಇಳಿಸುವ ಕಬ್ಬಿಣದ ಚಕ್ರ ಮಾತ್ರ ಉಳಿದವು. ಅವುಗಳ ಸುತ್ತ ನಮ್ಮ ಬಡಾವಣೆಯ ಪುಟ್ಟ ಪಾರ್ಕ್ ಆಯಿತು. ಉದ್ಘಾಟನೆಯ ದಿನ ಫೋಟೋ ಚೆನ್ನಾಗಿ ಬರಲೆಂದು ನಿವಾಸಿಗಳ ಸಂಘದವರು ಬಾಗಿಲನ್ನು ಕೆಳಗಿಳಿಸಿದರು. ಪಕ್ಕದಲ್ಲಿ 'ಮುಟ್ಟಬೇಡಿ' ಎಂದು ಫಲಕವನ್ನೂ ನೆಟ್ಟರು.

ಮುತ್ತಜ್ಜನ ಕಾಲದಿಂದ ಆಯುಧಪೂಜೆಯಂದು ಆ ಚಕ್ರಕ್ಕೆ ಹರಳೆಣ್ಣೆ ಹಚ್ಚಿ ಹೂವಿಡುವುದು ನಮ್ಮ ಮನೆಯ ಪದ್ಧತಿ. ಅದಕ್ಕಷ್ಟೇ ಸಂಘದಿಂದ ಅನುಮತಿ ಪಡೆದು, ಪ್ರತಿ ವರ್ಷ ತಪ್ಪದೆ ನಡೆಸಿಕೊಂಡು ಬಂದೆ.

ಸಂಘದ ಅಧ್ಯಕ್ಷರಾದ ಶ್ರೀ ಶಶಿಭೂಷಣ್ ಪ್ರತಿ ಸಲ ನಗುತ್ತಿದ್ದರು. "ಏನ್ ಆಂಟಿ, ತೂಬಿಗೆ ಎಣ್ಣೆಸ್ನಾನ ಆಯ್ತಾ? ಸೀಗೆಪುಡಿ ತರಿಸ್ಲಾ?"

ಈ ವರ್ಷ ಜೋರು ಮಳೆಯಾಯಿತು. ಪಾರ್ಕಿನಲ್ಲಿ ಮೊಣಕಾಲುದ್ದ ನೀರು ನಿಂತಿತು. ಎದುರಿನ ಮನೆಗಳ ಮೆಟ್ಟಿಲಿಗೂ ಬಂತು. ಶಶಿಭೂಷಣ್ ಜೆಸಿಬಿ ತರಿಸಿದರು.

"ನೀರು ನಿಲ್ಲೋದೇ ಈ ಹಳೇ ಕಲ್ಲಿಂದ. ಒಡೆದು ಹಾಕಿ!"

ನಾನು ತೂಬಿಗೆ ಅಡ್ಡ ನಿಂತೆ. "ಕಲ್ಲಿಂದಲ್ಲ, ನೀವು ಮುಚ್ಚಿದ ಬಾಗಿಲಿಂದ. ಇದರ ಆಚೆ ಕೆರೆಗೆ ಹೋಗುವ ಮೋರಿ ಇದೆ. ಬಾಗಿಲು ಎತ್ತಿಸಿ."

"ತಾತನ ಕಾಲದ ಚಕ್ರ ತಿರುಗುತ್ತಾ ಆಂಟಿ? ಒಂದು ಸುತ್ತು ತಿರುಗಿಸಿ ತೋರಿಸಿ. ಜೆಸಿಬಿ ವಾಪಸ್ ಕಳಿಸ್ತೀನಿ."

ಕಾನ್ವೆಂಟಿನಲ್ಲಿ ನಮಗೆ ಮೊದಲು ಕಲಿಸಿದ್ದು ಬೆನ್ನು ನೇರ ಮಾಡಿ ನಿಲ್ಲುವುದನ್ನು. ಹಾಗೆಯೇ ನಿಂತೆ. ಕೈಗಡಿಯಾರ ಬಿಚ್ಚಿಟ್ಟೆ, ಸೆರಗು ಸಿಕ್ಕಿಸಿದೆ, ಚಕ್ರ ಹಿಡಿದೆ.

ಚಕ್ರ ಕಿರುಗುಡಲಿಲ್ಲ. ಮನೆಯ ನಲ್ಲಿ ತಿರುಗಿದಷ್ಟೇ ಸಲೀಸಾಗಿ ತಿರುಗಿತು. ಬಾಗಿಲು ಮೇಲೆದ್ದಿತು. ಮುತ್ತಜ್ಜನ ತೂಬಿನೊಳಗೆ ನೀರು ಭೋರೆಂದು ನುಗ್ಗಿತು. ನೋಡನೋಡುತ್ತ ಮೆಟ್ಟಿಲುಗಳು ಕಂಡವು, ಹುಲ್ಲು ಕಂಡಿತು. ಜನ ಚಪ್ಪಾಳೆ ತಟ್ಟಿದರು. ಜೆಸಿಬಿ ಹಿಮ್ಮುಖವಾಗಿ ಹೊರಟಿತು.

ಎದುರು ಮನೆಯ ಗಿರಿಜಾಂಬ ಮೆಟ್ಟಿಲ ಮೇಲಿಂದಲೇ ಕೂಗಿದರು: "ಅಧ್ಯಕ್ಷರೇ, ಸೀಗೆಪುಡಿ ಎಲ್ಲಿ?"

ನೀತಿ: ಹಿರಿಯರು ಕೊಟ್ಟದ್ದನ್ನು ಉಳಿಸಿಕೊಂಡರೆ ಸಾಲದು, ಅದು ಕೆಲಸಕ್ಕೆ ಬರುವಂತೆ ಇಟ್ಟುಕೊಳ್ಳಬೇಕು. ಹಾಗೆ ಇಟ್ಟುಕೊಂಡವರನ್ನು ನೋಡಿ ನಗಬಾರದು.

ನಕ್ಕವರು ಭಾನುವಾರ ಬೆಳಿಗ್ಗೆ ತೂಬಿನ ಎದುರು ನಿಂತು, ಎಲ್ಲರಿಗೂ ಕೇಳಿಸುವಂತೆ ನನ್ನ ಕ್ಷಮೆ ಕೇಳತಕ್ಕದ್ದು.