ರಾಚಯ್ಯನೆಂಬ ಬಂಡೆ

ಕಾರೆಬೆಟ್ಟಕ್ಕೆ ಬಂದು ಸೂರ್ಯಾಸ್ತ ನೋಡದೆ ಹೋದವರನ್ನು ಊಟಕ್ಕೆ ಕುಳಿತು ಪಾಯಸ ಬಡಿಸುವ ಮುಂಚೆಯೇ ಎದ್ದುಹೋದವರಂತೆ ಊರಿನವರು ಮರುಕದಿಂದ ನೋಡುತ್ತಾರೆ. ಬಯಲುಸೀಮೆಯ ಬೇಸಿಗೆ ತಾಳಲಾರದ ಬಿಳಿಯರು ಮೇಲೆ ಹತ್ತಿ ಬಂದು ಕಟ್ಟಿಕೊಂಡ ಊರಿದು. ಕಲ್ಲಿನ ಚರ್ಚು, ಹೆಂಚಿನ ಬಂಗಲೆಗಳು, ಈಗ ಲಾಡ್ಜಾಗಿರುವ ಕ್ಲಬ್ಬು, ದೋಣಿ ತೇಲಿಸಲೆಂದೇ ಕಟ್ಟಿಸಿದ ಕೆರೆ, ಎಲ್ಲವೂ ಪಡುವಣ ದಿಕ್ಕಿಗೇ ಮುಖ ಮಾಡಿವೆ. ಮುಳುಗುವ ಸೂರ್ಯನನ್ನು ಕೆರೆಯ ಏರಿಯ ಮೇಲಿಂದ ನೋಡಬಹುದು, ನೀರೆಲ್ಲ ಕುಂಕುಮವಾಗುತ್ತದೆ, ಆದರೆ ಸೊಳ್ಳೆ ಬಿಡುವುದಿಲ್ಲ. ಚರ್ಚಿನ ಹಿಂದೆ ಗೋರಿಗಳ ದಿಣ್ಣೆಯಿದೆ, ಅಲ್ಲಿ ಗದ್ದಲವಿಲ್ಲ. ಕ್ಲಬ್ಬಿನ ವರಾಂಡದಲ್ಲಿ ಕುರ್ಚಿ ಹಾಕಿ ಕಾಫಿಯನ್ನೂ ಕೊಡುತ್ತಾರೆ. ಇಷ್ಟೆಲ್ಲ ಇದ್ದರೂ ಸಂಜೆಯಾಯಿತೆಂದರೆ ಜೀಪುಗಳೂ ಆಟೋಗಳೂ ಊರಿನ ಪಡುವಣ ತುದಿಯ ಆ ಒಂದು ಬಂಡೆಯ ಕಡೆಗೇ ಓಡುತ್ತವೆ. ಸರ್ಕಾರದ ಫಲಕದಲ್ಲಿ ಅದರ ಹೆಸರು ಸನ್‌ಸೆಟ್ ಪಾಯಿಂಟ್. ಊರಿನವರ ಬಾಯಲ್ಲಿ ಅದು ಬರೀ ರಾಚಯ್ಯ. "ರಾಚಯ್ಯನ್ನ ನೋಡ್ಕಂಡು ಬರಾವ್ರಾ ಸಾರ್?" ಎಂದು ಆಟೋದವನು ಕೇಳಿದರೆ, ಯಾರೋ ಮುದುಕನ ಮನೆಗೆ ಕರೆದೊಯ್ಯುತ್ತಾನೇನೋ ಎಂದು ಹೊಸಬರು ಹಿಂದೆಮುಂದೆ ನೋಡುತ್ತಾರೆ.

ಬಂಡೆ ಆಳೆತ್ತರಕ್ಕಿಂತ ತುಸು ಹೆಚ್ಚಿದೆ. ಪ್ರಪಾತದ ಅಂಚಿನಲ್ಲಿ, ಯಾರೋ ಕೂಗಿದ್ದಕ್ಕೆ ಬಗ್ಗಿ ಕಿವಿಗೊಟ್ಟವನ ಹಾಗೆ, ಕಣಿವೆಯ ಕಡೆ ವಾಲಿಕೊಂಡು ನಿಂತಿದೆ. ನೆತ್ತಿಯಿಂದ ಬುಡದವರೆಗೆ ಒಂದು ಸೀಳು. ಸೊಂಟದ ಭಾಗದಲ್ಲಿ ಅರಿಶಿನದ ದಾರಗಳು, ದಾರಕ್ಕೆ ತೂಗುಬಿಟ್ಟ ಅಂಗೈಯಗಲದ ಬಟ್ಟೆಯ ತೊಟ್ಟಿಲುಗಳು. ಸುತ್ತಲೂ ಕಬ್ಬಿಣದ ಕಂಬಿ ಹಾಕಿದ್ದಾರೆ. ಕಂಬಿಯ ಈಚೆಗೆ ಚುರುಮುರಿ, ಸುಟ್ಟ ಜೋಳ, ಟೀ ಮಾರುವ ಹೆಂಗಸರು ಕುಳಿತಿರುತ್ತಾರೆ. ಬಾಯಿ ಬಿಟ್ಟರೆ ಮುಚ್ಚದ ಈ ಹೆಂಗಸರು ಸೂರ್ಯ ಕೆಂಪಾಗತೊಡಗಿದೊಡನೆ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದನ್ನು ನಿಲ್ಲಿಸಿಬಿಡುತ್ತಾರೆ. "ಜೋಳದೋಳೇ, ಬೆಂಕಿಪೊಟ್ಣ ಕೊಡವ್ವ" ಎಂದಾರೇ ಹೊರತು, ಬೆಳಗಿನಿಂದ ಹತ್ತು ಸಲ ಕೂಗಿದ ಹೆಸರು ಆಗ ಅವರ ನಾಲಗೆಗೆ ಬರುವುದಿಲ್ಲ. ಫೋನು ಎತ್ತಿ ಹಿಡಿದು ಫೋಟೋ ತೆಗೆಯುವ ಭರದಲ್ಲಿ ಬಂದವರು ಯಾರೂ ಇದನ್ನು ಗಮನಿಸುವುದಿಲ್ಲ.

ಹಿಂದೆ ಒಮ್ಮೆ, ಊರಿಗೆ ಗಾಡಿಯ ದಾರಿ ಇನ್ನೂ ಆಗಿರದ ಕಾಲದಲ್ಲಿ, ದೊರೆಗಳೂ ದೊರೆಸಾನಿಯರೂ ಬೆಟ್ಟವನ್ನು ಮೇನೆಯಲ್ಲಿ ಹತ್ತುತ್ತಿದ್ದರು. ಹೊರುವ ಬೋಯಿಗಳೆಲ್ಲ ಬೆಟ್ಟದ ತೆಂಕಣ ಮಗ್ಗುಲಿನ ಹಟ್ಟಿಯವರು. ಅವರಲ್ಲಿ ಮುಂದಿನ ಕೊಂಬಿಗೆ ಹೆಗಲು ಕೊಡುವವನಿಗೆ ಮುಂದಾಳು ಎಂದು ಹೆಸರು. ಹಿಂದಿನವರಿಗೆ ಮೇನೆ ಅಡ್ಡವಾಗಿ ದಾರಿ ಕಾಣದು. ಮುಂದಾಳು ಗೆಜ್ಜೆ ಕಟ್ಟಿದ ಊರುಗೋಲನ್ನು ಕುಟ್ಟುತ್ತಾ "ಕಲ್ಲು", "ಹಳ್ಳ", "ಬಲಕ್ಕೆ" ಎಂದು ಹೇಳಿದಂತೆ ಅವರು ಹೆಜ್ಜೆ ಇಡಬೇಕು. ಆಗ ಹಟ್ಟಿಯ ಮುಂದಾಳಾಗಿದ್ದವನು ರಾಚಯ್ಯ. ಅವನ ಹೆಂಡತಿ ಚಿಕ್ಕತಾಯಿ. ಮದುವೆಯ ದಿನ ಗಂಡನ ಹೆಸರು ಹೇಳೆಂದು ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತಾಗ ಅವಳು ಅದೆಷ್ಟು ಮೆಲ್ಲಗೆ ಹೇಳಿದಳೆಂದರೆ, ಪಕ್ಕದಲ್ಲಿದ್ದ ಗಂಡನಿಗೂ ಕೇಳಿಸಲಿಲ್ಲವಂತೆ. "ಗುಬ್ಬಚ್ಚಿಗೇ ಇದ್ಕಿಂತ ಗಂಟ್ಲದೆ" ಎಂದು ಹಟ್ಟಿಯವರು ವರ್ಷಗಟ್ಟಲೆ ಅವಳನ್ನು ಆಡಿಕೊಂಡರು. ಆಮೇಲೆ ಅವಳು ಆ ಹೆಸರನ್ನು ಎತ್ತಲಿಲ್ಲ. ಕಟ್ಟಿಕೊಂಡವಳು ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಸವೆಯುತ್ತದೆ ಎಂದು ನಂಬಿದ್ದ ಕಾಲ ಅದು.

ಬಂಡೆಯ ಕೆಳಗಿನ ಕಣಿವೆಯಲ್ಲಿ ಸಂಜೆಯವಳು ಇದ್ದಾಳೆ ಎನ್ನುತ್ತಾರೆ. ಹಗಲೆಲ್ಲ ಮಲಗಿದ್ದು, ಹೊತ್ತು ಮುಳುಗುವಾಗ ಮಂಜನ್ನು ಹೊದ್ದು ಮೇಲೆ ಬರುವವಳು. ಅವಳು ಯಾರ ದನಿಯನ್ನು ಬೇಕಾದರೂ ಕದಿಯಬಲ್ಲಳು. ತಾಯಿಯ ದನಿಯಲ್ಲಿ, ಹೆಂಡತಿಯ ದನಿಯಲ್ಲಿ "ಬಾ" ಎನ್ನಬಲ್ಲಳು. ಆದರೆ ಯಾರ ಹೆಸರೂ ಅವಳಿಗೆ ಗೊತ್ತಿಲ್ಲ. ಯಾರಾದರೂ ಅಲ್ಲಿ ನಿಂತು ಆಡಿದರೆ ಮಾತ್ರ ತಿಳಿಯುತ್ತದೆ. ಒಮ್ಮೆ ತಿಳಿಯಿತೋ, ಆ ಹೆಸರಿನವನು ತಾನಾಗಿ ಎದ್ದು ಬಂದು ಅಂಚು ದಾಟುವವರೆಗೆ ಕರೆಯುತ್ತಲೇ ಇರುತ್ತಾಳೆ. ಅದಕ್ಕೇ ಹಟ್ಟಿಯವರು ಮಕ್ಕಳಿಗೆ ನಡಿಗೆಯ ಜೊತೆಗೇ ಎರಡು ಮಾತು ಕಲಿಸುತ್ತಿದ್ದರು. ಹೊತ್ತಿಳಿದ ಮೇಲೆ ಅಂಚಿನ ಬಳಿ ಯಾರ ಹೆಸರನ್ನೂ ಆಡಬಾರದು. ಹೆಸರಿಲ್ಲದ ಕರೆ ಕೇಳಿದರೆ ಓಗೊಡದೆ, ಆ ದನಿಗೆ ಬೆನ್ನು ಮಾಡಿ ನಡೆದುಬಿಡಬೇಕು. ದನಿ ಎಷ್ಟೇ ಬೇಕಾದವರದ್ದಾಗಿರಲಿ, ತಿರುಗಿ ನೋಡಕೂಡದು.

ಒಂದು ವರ್ಷ ಹೊಸದಾಗಿ ಬಂದ ದೊರೆಯೊಬ್ಬನ ದೊರೆಸಾನಿಗೆ ಸೂರ್ಯಾಸ್ತದ ಹುಚ್ಚು ಹತ್ತಿತು. ಕೆರೆ ಏರಿಯಿಂದ ನೋಡಿದಳು, ಗೋರಿಯ ದಿಣ್ಣೆಯಿಂದ ನೋಡಿದಳು, ಸಾಲದಾಯಿತು. ಅಂಚಿಗೇ ಹೋಗಬೇಕೆಂದಳು. ಬೋಯಿಗಳು ಕೈಮುಗಿದು "ಬ್ಯಾಡಿ ಬುದ್ಧಿ, ಮಂಜು ಬಿದ್ದರೆ ದಾರಿ ಸಿಕ್ಕಲ್ಲ" ಎಂದರು. ದೊರೆಗೆ ಕೇಳಿಸಿತು, ಆದರೆ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಅಂದು ಸೂರ್ಯ ಮುಳುಗಿದ್ದು ಬಹಳ ಚೆಂದವಿತ್ತಂತೆ. ಬೆಟ್ಟದ ಮೇಲೆ ಬೆಟ್ಟ, ಕೆಂಪಿನ ಮೇಲೆ ಕೆಂಪು. ನೋಡುತ್ತ ನಿಂತ ದೊರೆಸಾನಿಯ ಟೋಪಿಯನ್ನು ಗಾಳಿ ಎತ್ತಿಕೊಂಡು ಹೋಗಿ ಅಂಚಿನ ಹುಲ್ಲಿನಲ್ಲಿ ಬೀಳಿಸಿತು. ದೊರೆ ಮುಂದಾಳಿನ ಕಡೆ ಬೆರಳು ತೋರಿಸಿದ. ರಾಚಯ್ಯ ಊರುಗೋಲು ಹಿಡಿದು ಇಳಿದು ಹೋದ. ಅವನು ಟೋಪಿಗೆ ಕೈ ಹಾಕುವಷ್ಟರಲ್ಲಿ ಕಣಿವೆಯಿಂದ ಮಂಜು ಎದ್ದು ಬಂದು ಎಲ್ಲವನ್ನೂ ಮುಚ್ಚಿಬಿಟ್ಟಿತು.

ಕತ್ತಲಾಗುವ ಹೊತ್ತಿಗೆ ಬೋಯಿಗಳ ಹೆಂಡಿರು ಪಂಜು ಹಿಡಿದು ಬೆಟ್ಟದ ತಿರುವಿನವರೆಗೆ ಬಂದು ಕಾಯುವುದು ವಾಡಿಕೆ. ಅಂದು ಎಷ್ಟು ಕಾದರೂ ಗೆಜ್ಜೆಯ ಸದ್ದು ಬರಲಿಲ್ಲ. ಉಳಿದವರು ಬೇಡವೆಂದರೂ ಚಿಕ್ಕತಾಯಿ ಒಬ್ಬಳೇ ಮೇಲೆ ಹೋದಳು. ಮೇನೆ ನೆಲಕ್ಕಿಳಿದಿತ್ತು. ದೊರೆಸಾನಿ ಒಳಗೆ ಮುಖ ಮುಚ್ಚಿಕೊಂಡು ಕುಳಿತಿದ್ದಳು. ಬೋಯಿಗಳು ಒಬ್ಬರ ತೋಳು ಒಬ್ಬರು ಹಿಡಿದು ನಿಂತಿದ್ದರು, ಅವರಲ್ಲಿ ತನ್ನ ಗಂಡನಿಲ್ಲ. ಪಂಜನ್ನು ಎತ್ತಿ ಬೀಸಿದಳು. ಬೆಳಕು ಮಂಜಿನೊಳಗೆ ಕಲಸಿಹೋಗಿ ಎಲ್ಲ ದಿಕ್ಕೂ ಒಂದೇ ಆಯಿತು. ದೂರದಲ್ಲಿ, ಕೆಳಗೆ, ಗೆಜ್ಜೆ ಕೇಳಿಸಿತು. ಜೀವ ಬಂದಂತಾಗಿ ಅವಳು ದಿನವೂ ಕರೆಯುವ ಹಾಗೆಯೇ ಕರೆದಳು: "ಇವ್ರೇ... ಇತ್ತಗೆ ಬನ್ನಿ!"

ಗೆಜ್ಜೆ ಒಂದು ಚಣ ನಿಂತಿತು. ಆಮೇಲೆ ಮತ್ತೆ ಕೇಳಿಸಿತು, ಇನ್ನಷ್ಟು ದೂರದಲ್ಲಿ. ಅವಳು ಗಂಟಲು ಹರಿಯುವಂತೆ ಮತ್ತೆ ಕೂಗಿದಳು. ಗೆಜ್ಜೆ ಇನ್ನೂ ದೂರ ಸರಿಯಿತು. ಕಲ್ಲೊಂದು ಉರುಳಿ ಬೀಳುವುದು ಕೇಳಿಸಿತು, ಅದು ನೆಲ ಮುಟ್ಟಿದ ಸದ್ದು ಕೇಳಿಸಲಿಲ್ಲ. ಆಗ ಅವಳಿಗೆ ಹೊಳೆಯಿತು. ಚಿಕ್ಕಂದಿನಲ್ಲಿ ಕಲಿಸಿದ್ದನ್ನು ಅವನು ಚಾಚೂ ತಪ್ಪದೆ ಮಾಡುತ್ತಿದ್ದಾನೆ. ಹೆಸರಿಲ್ಲದ ಕರೆಗೆ ಬೆನ್ನು ಮಾಡಿ ನಡೆಯುತ್ತಿದ್ದಾನೆ. ತಾನು ಒಂದೊಂದು ಸಲ ಕರೆದಾಗಲೂ ಅವನನ್ನು ಅಂಚಿಗೆ ಒಂದೊಂದು ಹೆಜ್ಜೆ ನೂಕುತ್ತಿದ್ದೇನೆ.

"ಯಾರಾದ್ರೂ ಅವ್ರ ಹೆಸ್ರಿಡಿದು ಕೂಗಿ" ಎಂದು ಅವಳು ಬೋಯಿಗಳ ಕಾಲು ಹಿಡಿದಳು. ಅವರಲ್ಲಿ ಹಿರಿಯನಾದ ಕುಳ್ಳಯ್ಯ ಅವಳ ಬಾಯಿಗೆ ಕೈ ಅಡ್ಡ ತಂದ. "ಬ್ಯಾಡ ಕನವ್ವ. ಇವತ್ತು ಸತ್ರೆ ಒಂದೇ ಸಲ ಸತ್ತಾನು. ಹೆಸ್ರು ಅವ್ಳ ಕಿವಿಗೆ ಬಿದ್ರೆ ದಿನಾ ಸಾಯ್ತಾನೆ." ಅವಳು ದೊರೆಯ ಕಡೆ ತಿರುಗಿದಳು. ದೊರೆಗೆ ಸಂಜೆಯವಳ ಭಯವಿರಲಿಲ್ಲ, ಕೂಗಲೂ ಸಿದ್ಧನಿದ್ದ. ಆದರೆ ಇಷ್ಟು ದಿನ ತನ್ನನ್ನು ಹೊತ್ತವನ ಹೆಸರು ಅವನಿಗೆ ಗೊತ್ತಿರಲಿಲ್ಲ. "ಏಯ್!" ಎಂದು ಕೂಗಿದ. ಗೆಜ್ಜೆ ಇನ್ನೊಂದು ಹೆಜ್ಜೆ ಆಚೆಗೆ ಹೋಯಿತು. ಗುಬ್ಬಚ್ಚಿಗಿಂತ ಕಡೆಯ ಗಂಟಲಿನವಳು ಕುಳ್ಳಯ್ಯನ ಕೈ ಕಿತ್ತೆಸೆದು ಕೂಗಿದಳು.

"ರಾಚಯ್ಯಾ!"

"ಆಂ?" ಎಂದಿತು ಮಂಜು. ಅವನದೇ ದನಿ. ಅವಳು ಕೂಗುತ್ತಲೇ ಹೋದಳು, ಅವನು ಅದನ್ನೇ ಹಗ್ಗದಂತೆ ಹಿಡಿದು ಹತ್ತಿ ಬಂದ. ಅವನ ಒಂದು ಕಾಲಿನ ಚಡಾವು ಕಣಿವೆಗೆ ಬಿದ್ದಿತ್ತು. ಅವಳು ಅವನ ಎದೆಗೆ ತಲೆಯಿಟ್ಟು ಅತ್ತಳು, ಬೋಯಿಗಳು ಮೇನೆ ಎತ್ತಿದರು. ತಿರುವಿನಲ್ಲಿ ಎಲ್ಲರಿಗೂ ಅದು ಕೇಳಿಸಿತು. ಅವಳು ಕೂಗು ನಿಲ್ಲಿಸಿ ಬಹಳ ಹೊತ್ತಾಗಿತ್ತು. ಮಾರ್ದನಿಯೂ ಸತ್ತು ಬಹಳ ಹೊತ್ತಾಗಿತ್ತು. ಹಿಂದೆ ಕಣಿವೆಯಲ್ಲಿ ಅವಳದೇ ದನಿ, ಎಳೆಯ ಮಗು ಹೊಸ ಮಾತನ್ನು ನಾಲಗೆಗೆ ರೂಢಿಸಿಕೊಳ್ಳುವಂತೆ, ಮೆಲ್ಲಗೆ, ಮತ್ತೆ ಮತ್ತೆ ಹೇಳುತ್ತಿತ್ತು: ರಾಚಯ್ಯಾ. ರಾಚಯ್ಯಾ.

ಮರುಸಂಜೆಯಿಂದ ಶುರುವಾಯಿತು. ಚಿಕ್ಕತಾಯಿ ಒಲೆ ಊದುತ್ತಿದ್ದಳು, ಅವನು ಎದುರಿಗೇ ಕುಳಿತಿದ್ದ. ಪಡುವಣದಿಂದ ಕರೆ ಬಂತು. ಅವನು ಬೆಚ್ಚಿ ಅವಳ ಬಾಯಿಯನ್ನೇ ನೋಡಿದ. "ಕರೆದ್ಯಲ್ಲ?" ಎಂದ. "ನಾ ಕರೀಲಿಲ್ಲ" ಎಂದಳು. ಅವನು ಇನ್ನೂ ಅವಳ ಮುಚ್ಚಿದ ತುಟಿಗಳನ್ನೇ ನೋಡುತ್ತಿದ್ದಾಗ ಅವಳ ದನಿ ಮತ್ತೊಮ್ಮೆ ಅವನನ್ನು ಕರೆಯಿತು. ದಿನ ಕಳೆದಂತೆ ಹೊತ್ತಿಳಿಯುವುದೇ ತಡ, ಅವನ ಪಾದಗಳು ತಾವಾಗಿ ಬಾಗಿಲ ಕಡೆ ತಿರುಗತೊಡಗಿದವು. ಅವಳು ಅಗುಳಿ ಹಾಕಿದಳು. ಸೆರಗಿನ ತುದಿಯನ್ನು ಅವನ ಕಾಲಿಗೆ ಬಿಗಿದು ಕಟ್ಟಿ ಕುಳಿತಳು. ಒಂದು ಸಂಜೆ ಮುದ್ದೆ ತಿರುವುತ್ತ ಒಂದು ಗಳಿಗೆ ಬೆನ್ನು ಮಾಡಿದ್ದವಳು ತಿರುಗಿ ನೋಡುತ್ತಾಳೆ, ಅವನಿಲ್ಲ. ಗಂಟು ಹರಿದಿರಲಿಲ್ಲ. ಅವನೇ ನಿಧಾನವಾಗಿ, ಅಚ್ಚುಕಟ್ಟಾಗಿ ಬಿಚ್ಚಿಟ್ಟಿದ್ದ. ಅಂಗಳ ದಾಟಿದ್ದವನನ್ನು ಓಡಿಹೋಗಿ ಹಿಡಿದು ತಂದಳು. ತಾನೇ ಉಳಿಸಿಕೊಂಡೆ, ತಾನೇ ಕೈಯಾರೆ ಒಪ್ಪಿಸಿಯೂ ಬಂದೆ ಎಂದು ಅವಳಿಗೆ ಅನ್ನ ಸೇರಲಿಲ್ಲ. ಅವಳು ಮಾತಾಡಿದರೆ ಅವನು ನಡುಗುತ್ತಿದ್ದನಾದ್ದರಿಂದ ಮಾತನ್ನೂ ಬಿಟ್ಟಳು.

ಕೊನೆಗೆ ಅವಳು ಹಟ್ಟಿಯ ಹಿರಿಯಳೂ ಸೂಲಗಿತ್ತಿಯೂ ಆದ ಮಾಳವ್ವನ ಬಳಿಗೆ ಹೋಗಿ ಬಿದ್ದಳು. ಮಾಳವ್ವ ಬಹಳ ಹೊತ್ತು ಎಲೆಯಡಿಕೆ ಜಗಿದಳು. "ಕೊಟ್ಟ ಹೆಸ್ರ ವಾಪಸ್ ಈಸ್ಕಳಕಾಯ್ತದಾ? ಅವ್ಳು ಕರೀತಾನೆ ಇರ್ತಾಳೆ, ಆ ಹೆಸ್ರಿನೋರು ಹೋಯ್ತಾನೆ ಇರ್ಬೇಕು" ಎಂದಳು. ಆಮೇಲೆ ಉಗಿದು ಬಂದು ಹೇಳಿದಳು: "ಕರುದ್ರೂ ಎದ್ದೋಗಕಾಗ್ದಿರೋರಿಗೆ ಆ ಹೆಸ್ರ ಕೊಟ್ಬುಡು."

ಹಾಗೆ ಅಂಚಿನ ಬಂಡೆಗೆ ನಾಮಕರಣವಾಯಿತು. ಹೆಸರು ಕಳೆದುಕೊಂಡ ಜಾಗದಲ್ಲೇ, ಕಳೆದ ಹೊತ್ತಿನಲ್ಲೇ, ಕೂಗಿದವಳೇ ಅದನ್ನು ಮಾಡಬೇಕಿತ್ತು. ಕುಳ್ಳಯ್ಯನೂ ಬೋಯಿಗಳೂ ರಾಚಯ್ಯನನ್ನು ಹಿಡಿದುಕೊಂಡು ಹಿಂದೆ ನಿಂತರು. ಚಿಕ್ಕತಾಯಿ ಬಂಡೆಗೆ ಎಣ್ಣೆ ಹಚ್ಚಿ ನೀರೆರೆದಳು, ಅರಿಶಿನದ ದಾರ ಸುತ್ತಿದಳು, ಸೆರಗು ಹರಿದು ತೊಟ್ಟಿಲು ಕಟ್ಟಿದಳು. ಮಂಜು ಅವಳ ಮೊಣಕಾಲಿಗೆ, ಸೊಂಟಕ್ಕೆ, ಎದೆಗೆ ಏರಿತು. ಅದರೊಳಗೆ ಯಾರೋ ಉಸಿರಾಡುತ್ತಿದ್ದರು, ಅವಳ ಪಕ್ಕದಲ್ಲೇ, ಅವಳದೇ ಉಸಿರಿನಂತೆ. ತಿರುಗಿ ನೋಡಬೇಕೆಂದು ಕತ್ತು ಎಳೆಯುತ್ತಿತ್ತು, ಅವಳು ನೋಡಲಿಲ್ಲ. ಬಂಡೆಯ ಹಳ್ಳವೊಂದಕ್ಕೆ ಬಾಯಿಟ್ಟು, ಮಗುವಿನ ಕಿವಿಯಲ್ಲಿ ಹೇಳುವಂತೆ ಹೆಸರು ಹೇಳಿದಳು. ಅದರ ಹಿಂದೆಯೇ ಅವಳ ಕಿವಿಯ ಬುಡದಲ್ಲಿ, ಅವಳದೇ ದನಿಯಲ್ಲಿ, ಕರೆ ಬಂತು. ಬೋಯಿಗಳು ಕಣ್ಣು ಮುಚ್ಚಿಕೊಂಡರು. ಬಂಡೆ ಒಳಗಿನಿಂದ ನರಳಿತು. ನೆತ್ತಿಯಿಂದ ಬುಡಕ್ಕೆ ಸೀಳು ಬಿಟ್ಟು, ಬೇರು ಕಿತ್ತುಕೊಳ್ಳಲಾರದೆ, ಕಣಿವೆಯ ಕಡೆ ವಾಲಿ ನಿಂತಿತು. ಹಿಂದೆ ನಿಂತಿದ್ದ ಅವಳ ಗಂಡ ಸುತ್ತಲೂ ನೋಡಿ, ಎಷ್ಟೋ ದಿನಗಳ ಮೇಲೆ ನೆಮ್ಮದಿಯ ದನಿಯಲ್ಲಿ ಕೇಳಿದ: "ಯಾರನ್ನ ಕರೀತಾವ್ರೆ?"

ಅವನು ತಲೆ ನರೆಯುವವರೆಗೆ ಬದುಕಿದ. ಹಟ್ಟಿ ಅವನನ್ನು ಮುಂದಾಳು ಎಂದಷ್ಟೇ ಕರೆಯಿತು. ಬೇರೆ ಹೆಸರಿಡಲು ಯಾರಿಗೂ ಧೈರ್ಯ ಬರಲಿಲ್ಲ. ಅವನು ತೀರಿಕೊಂಡಾಗ ಹೆಣದ ಮುಂದೆ ಹೆಸರು ಹೇಳಿ ಅಳುವಂತಿರಲಿಲ್ಲ. ಮಣ್ಣು ಮಾಡಿ ಬಂದ ಸಂಜೆ ಮುದುಕಿ ಚಿಕ್ಕತಾಯಿ ಒಬ್ಬಳೇ ಬೆಟ್ಟ ಹತ್ತಿ, ಬಂಡೆಗೆ ಕೆನ್ನೆಯಿಟ್ಟು, ಮದುವೆಯ ದಿನ ಹೇಳಿದಷ್ಟೇ ಮೆಲ್ಲಗೆ ಹೇಳಿದಳಂತೆ. ಅದಕ್ಕೆ ಓಗೊಟ್ಟದ್ದು ಬಂಡೆಯೆಂದು ಕೆಲವರು, ಕಣಿವೆಯೆಂದು ಕೆಲವರು ಹೇಳುತ್ತಾರೆ.

ಇಂದಿಗೂ ಸೀಳು ಕಾಣುತ್ತದೆ, ದಾರ ಕಾಣುತ್ತದೆ. ಮಗು ಹುಟ್ಟಿದ ಮನೆಯವರು ನಾಮಕರಣಕ್ಕೆ ಮುಂಚೆ ಬಂದು ತೊಟ್ಟಿಲು ಕಟ್ಟಿ ಹೋಗುತ್ತಾರೆ. ಸಂಜೆ ಕಂಬಿಯ ಬಳಿ ನಿಂತರೆ ಇನ್ನೊಂದನ್ನೂ ನೋಡಬಹುದು. ಕಣಿವೆ ಮಾರ್ದನಿ ಕೊಡುತ್ತದೆಂದು ಯಾರೋ ಹೇಳಿಕೊಟ್ಟಿರುತ್ತಾರೆ. ಬಂದವರಲ್ಲಿ ಒಬ್ಬ ಹುಮ್ಮಸ್ಸಿನಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು, ಪಕ್ಕದಲ್ಲಿರುವ ತನ್ನವಳ ಹೆಸರನ್ನು ಕೂಗಲು ಉಸಿರು ಎಳೆದುಕೊಳ್ಳುತ್ತಾನೆ. ಅವನು ಬಾಯಿ ತೆರೆಯುವುದೂ, ಚುರುಮುರಿಯವಳು, ಜೋಳದವಳು, ಟೀಯವಳು ಕೈಯಲ್ಲಿದ್ದುದನ್ನು ಬಿಟ್ಟು ಎದ್ದು ನಿಲ್ಲುವುದೂ ಒಟ್ಟಿಗೇ ಆಗುತ್ತದೆ. ಅವನ ಕೂಗಿನ ಮೇಲೆ, ಅದು ಮುಚ್ಚಿಹೋಗುವಂತೆ, ಎಲ್ಲರೂ ಒಂದೇ ಗಂಟಲಲ್ಲಿ ಕೂಗುತ್ತಾರೆ: "ರಾಚಯ್ಯಾ!" ಇದೇನೋ ಇಲ್ಲಿಯ ಸಂಭ್ರಮವಿರಬೇಕೆಂದು ಪ್ರವಾಸಿಗಳೂ ನಗುತ್ತ ದನಿಗೂಡಿಸುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಫೋನಿನಲ್ಲಿ ಹಿಡಿದುಕೊಳ್ಳುತ್ತಾರೆ. ಹೆಂಗಸರು ಮಾತ್ರ ನಗುವುದಿಲ್ಲ. ಕಣಿವೆಯಿಂದ ಯಾವ ಹೆಸರು ಹಿಂದಿರುಗಿ ಬರುತ್ತದೆಂದು ಕಿವಿಗೊಟ್ಟು ನಿಂತಿರುತ್ತಾರೆ.